ಫರ್ಮಾ ಜಾರಿದ ಮಳೆಗಾಲ

ಹೋದ ವಾರ ಬೆಂಗೇರಿಯ ಒಂದು ಹೊಸ ಮನೆಗೆ ಅಡುಗೆಮನೆಯ ಅಳತೆ ತೆಗೆಯಲು ಹೋಗಿದ್ದೆ. ಈಗ ನನ್ನ ಬಡಿಗತನ ಹೆಚ್ಚೂಕಡಿಮೆ ಅಷ್ಟೇ. ಅಳತೆ ತೆಗೆಯುವುದು, ಕಾರ್ಖಾನೆಯಲ್ಲಿ ಕತ್ತರಿಸಿ ಬಂದ ಹಲಗೆಗಳನ್ನು ಜೋಡಿಸುವುದು, ಕಪಾಟಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂದು ಫೋನು ಬಂದರೆ ಮತ್ತೆ ಹೋಗಿ ಒಂದು ಸ್ಕ್ರೂ ತಿರುಗಿಸಿ ಬರುವುದು. ಐವತ್ತೆರಡರ ಸೊಂಟಕ್ಕೆ ಅದೂ ಸಾಕಾಗಿ ಹೋಗಿದೆ. ಗೋಡೆಯ ಮೂಲೆಗೆ ಅಳತೆಪಟ್ಟಿ ಒತ್ತಿ ಹಿಡಿದು ಕೂತಿದ್ದಾಗ ಪಕ್ಕದ ಮನೆಯ ಕಿಟಕಿಯಿಂದ ಸುಟ್ಟ ಸಾಗವಾನಿಯ ವಾಸನೆ ಬಂತು. ಮರ ಕೊರೆಯುವ ರೂಟರ್ ಯಂತ್ರಕ್ಕೆ ಮೊಂಡಾದ ಬಿಟ್, ಅಂದರೆ ಅಲಗು, ಹಾಕಿ ಓಡಿಸಿದರೆ ಅಂಚು ಹೀಗೇ ಕಮರುತ್ತದೆ. ಯಾರೋ ಅವಸರದ ಮನುಷ್ಯ ಕೆಲಸ ಮಾಡುತ್ತಿರಬೇಕು. ಆ ವಾಸನೆಗೆ ನನ್ನ ಕೈಯಲ್ಲಿದ್ದ ಅಳತೆ ಮರೆತೇ ಹೋಯಿತು. ಮನೆಯ ಯಜಮಾನಿ, "ಎಷ್ಟ ಬಂತ್ರಿ?" ಎಂದು ಎರಡು ಸಲ ಕೇಳಿದರು. ಮತ್ತೆ ಮೊದಲಿನಿಂದ ಅಳೆದೆ.

ಏಳೆಂಟು ವರ್ಷದ ಹಿಂದೆ ಇದೇ ಬೆಂಗೇರಿಯಲ್ಲಿ, ಒಂದು ಹಿಟ್ಟಿನ ಗಿರಣಿಗೆ ಅಂಟಿಕೊಂಡು ನನ್ನ ಶೆಡ್ ಇತ್ತು. ಮೇಲೆ ತಗಡು, ಪಕ್ಕಕ್ಕೂ ತಗಡು. ಮಳೆ ಜೋರಾದರೆ ಪಕ್ಕದಲ್ಲಿ ನಿಂತವನ ಮಾತೂ ಕೇಳುತ್ತಿರಲಿಲ್ಲ. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮರ ನೀರು ಕುಡಿದು ಉಬ್ಬುತ್ತಿತ್ತು, ಗರಗಸಕ್ಕೆ ತುಕ್ಕು, ಮರದ ಹೊಟ್ಟು ಹಿಟ್ಟಿನಂತೆ ಮುದ್ದೆಯಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು. ಒಗೆದ ಬಟ್ಟೆ ನಾಲ್ಕು ದಿನ ಒಣಗದೆ, ಹಸಿ ಅಂಗಿಯನ್ನೇ ತೊಟ್ಟುಕೊಂಡು ಕೆಲಸಕ್ಕೆ ಹೋದ ನೆನಪಿದೆ.

ಶೆಡ್ಡಿನಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಚನ್ನಪ್ಪ ಕಾಕಾ. ರಕ್ತಸಂಬಂಧವೇನಲ್ಲ. ಉಳಿ ಹಿಡಿಯುವುದರಿಂದ ಹಿಡಿದು ಗಿರಾಕಿಗೆ ಸುಳ್ಳು ಹೇಳದೆ ದಿನ ಮುಂದೂಡುವುದರವರೆಗೆ ನನಗೆ ಎಲ್ಲ ಕಲಿಸಿದವರು ಅವರು. ಶೆಡ್ ಆಮೇಲೆ ನನ್ನ ಹೆಸರಿಗೆ ಬಂತು, ಅವರು ನನ್ನ ಬಳಿ ದುಡಿಯತೊಡಗಿದರು ಎಂದು ಊರವರು ಹೇಳುತ್ತಿದ್ದರು. ಯಾರು ಯಾರ ಬಳಿ ದುಡಿಯುತ್ತಿದ್ದಾರೆ ಎಂಬುದು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಆಗಲೇ ಅರವತ್ತೆಂಟು ದಾಟಿತ್ತು ಅವರಿಗೆ. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ಕಿವಿಯ ಹಿಂದೆ ಒಂದು ಪೆನ್ಸಿಲು. ಯಾರನ್ನೂ ಒಂದು ಮಾತು ಕೇಳುವ ಮನುಷ್ಯ ಅಲ್ಲ. ಹಲಗೆಯ ಮೇಲೆ ಗೆರೆ ಎಳೆಯುವಾಗಲೂ ಸೈ, ಮಗಳ ಮದುವೆ ಗೊತ್ತು ಮಾಡುವಾಗಲೂ ಸೈ, ತಮಗೆ ಅನಿಸಿದ್ದನ್ನು ಮಾಡಿ ಆಮೇಲೆ ಹೇಳುವವರು.

ಆ ಬೇಸಿಗೆಯಲ್ಲಿ ಅವರ ಬಲಗೈ ಸ್ವಲ್ಪ ನಡುಗತೊಡಗಿತ್ತು. ಚಹಾ ಕುಡಿಯುವಾಗ ಬಸಿಯ ಮೇಲೆ ಕಪ್ಪು ಸಣ್ಣಗೆ ಸದ್ದು ಮಾಡುತ್ತಿತ್ತು. ಅವರು ಕಪ್ಪನ್ನು ಎಡಗೈಗೆ ಬದಲಿಸುತ್ತಿದ್ದರು, ನಾನು ನೋಡದವನಂತೆ ಹೊರಗೆ ನೋಡುತ್ತಿದ್ದೆ. ಆ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ನಮ್ಮ ನಡುವೆ ಮಾತಾಡದೆ ಬಿಟ್ಟ ಸಂಗತಿ ಅದೇ ಮೊದಲನೆಯದು. ಕೊನೆಯದೂ ಅದೇ ಆಗಿದ್ದರೆ ಚೆನ್ನಾಗಿತ್ತು.

ಮಳೆ ಶುರುವಾಗುವ ಹೊತ್ತಿಗೆ ಅಮರಗೋಳದ ಹತ್ತಿರ ಹೊಸದಾಗಿ ಕಟ್ಟುತ್ತಿದ್ದ ಕಲ್ಯಾಣ ಮಂಟಪದಿಂದ ನಲವತ್ತು ಕುರ್ಚಿಗಳ ಕೆಲಸ ಬಂತು. ಸಾಗವಾನಿಯವು, ಬೆನ್ನಿನ ಹಲಗೆಗೆ ಮೇಲ್ಗಡೆ ಚಂದದ ಬಾಗು, ನಲವತ್ತೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರಬೇಕು. ದಸರೆಯೊಳಗೆ ಕೊಡಬೇಕು. ಹಿಂದೆಲ್ಲ ಕಾಕಾ ಇಂಥ ಬಾಗನ್ನು ಕಣ್ಣಳತೆಯಲ್ಲೇ ಕೊಯ್ಯುತ್ತಿದ್ದರು. ಈಗ ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ನಾನೇ ಒಂದು ದಾರಿ ತೆಗೆದೆ. ಪ್ಲೈವುಡ್ಡಿನಲ್ಲಿ ಬಾಗಿನ ಒಂದು ಫರ್ಮಾ, ಅಂದರೆ ಅಚ್ಚು, ಕೊಯ್ದು, ಅದನ್ನು ಸಾಗವಾನಿ ಹಲಗೆಯ ಮೇಲೆ ಕೂಡಿಸಿ, ಬೇರಿಂಗ್ ಇರುವ ಬಿಟ್ ಹಾಕಿ ರೂಟರ್ ಓಡಿಸುವುದು. ಬೇರಿಂಗ್ ಫರ್ಮಾದ ಅಂಚನ್ನು ಸವರಿಕೊಂಡು ಹೋಗುತ್ತದೆ, ಬಿಟ್ ಕೆಳಗಿನ ಮರವನ್ನು ಅದೇ ಆಕಾರಕ್ಕೆ ಕೊರೆಯುತ್ತದೆ.

"ಫರ್ಮಾ ಇತ್ತಂದ್ರ ಕೈ ಅಲುಗಿದ್ರೂ ಗೆರಿ ಅಲುಗಂಗಿಲ್ರಿ ಕಾಕಾ" ಎಂದೆ.

ಅವರು ನನ್ನ ಮುಖ ನೋಡಿದರು. ಕೈಯ ಮಾತು ಬಾಯಿಂದ ಜಾರಿತ್ತು. "ಹಂಗಂದ್ರ ಬೆನ್ನಿನ ಹಲಗಿ ನಲವತ್ತೂ ನಾನ ಮಾಡ್ತೇನಿ. ನೀ ಕಾಲು, ಚೌಕಟ್ಟು ನೋಡ್ಕೊ" ಎಂದರು. ಅಷ್ಟು ಹುರುಪಿನ ದನಿ ಕೇಳಿ ಬಹಳ ದಿನವಾಗಿತ್ತು. ನನಗೆ ನಿಜಕ್ಕೂ ಖುಷಿಯಾಯಿತು. ಈ ಕುರ್ಚಿಗಳು ಮುಗಿದರೆ ಇನ್ನೊಂದೆರಡು ವರ್ಷ ಕಾಕಾ ನನ್ನ ಜೊತೆ ಇರುತ್ತಾರೆ ಎಂದುಕೊಂಡೆ.

ಮೊದಲು ಫರ್ಮಾವನ್ನು ಎರಡು ಸಣ್ಣ ಮೊಳೆ ಹೊಡೆದು ಕೂಡಿಸುತ್ತಿದ್ದೆವು, ಆಮೇಲೆ ತೂತಿಗೆ ಲಂಬಿ ಎಂಬ ಮೆತ್ತನೆಯ ಪುಟ್ಟಿ ತುಂಬುತ್ತಿದ್ದೆವು. ಕಲ್ಯಾಣ ಮಂಟಪದ ಮಾಲೀಕರು ಮಾದರಿ ಕುರ್ಚಿಯ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ, ತುಂಬಿದ ತೂತು ಎರಡನ್ನೂ ಕಣ್ಣು ಮುಚ್ಚಿ ಹುಡುಕಿ ತೋರಿಸಿದರು. ಮೊಳೆ ಬೇಡ ಎಂದರು. ಮೊಳೆ ಇಲ್ಲದೆ ಮರದ ಮೇಲೆ ಮರ ನಿಲ್ಲಬೇಕೆಂದರೆ ಡಬಲ್ ಸೈಡ್ ಟೇಪ್ ಒಂದೇ ಗತಿ. ಹೀಗೆ ಆ ಮಳೆಗಾಲದಲ್ಲಿ ಟೇಪ್ ಹುಡುಕುವ ಕರ್ಮ ನನ್ನ ಪಾಲಿಗೆ ಬಂತು.

ಮೊದಲು ತಂದದ್ದು ಓಣಿಯ ಸ್ಟೇಷನರಿ ಅಂಗಡಿಯ ತೆಳ್ಳನೆಯ ಟೇಪು. ಮಕ್ಕಳು ಚಾರ್ಟಿಗೆ ಚಿತ್ರ ಅಂಟಿಸಲು ಒಯ್ಯುತ್ತಾರಲ್ಲ, ಅದು. ಮೊದಲ ಎರಡು ಹಲಗೆಗಳಿಗೆ ಹೇಗೋ ನಡೆಯಿತು. ಮೂರನೆಯದರಲ್ಲಿ ಬಾಗಿನ ತಿರುವಿಗೆ ಬಂದಾಗ ಫರ್ಮಾ ಪಕ್ಕಕ್ಕೆ ಸರಿಯಿತು, ಬಿಟ್ ಸಾಗವಾನಿಯೊಳಗೆ ಬಾಯಿ ಹಾಕಿತು. ಕಾಕಾ ಯಂತ್ರ ನಿಲ್ಲಿಸಿದರು. ಹಲಗೆ ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ಮಗುಚಿ ನೋಡಿದರು.

"ನಾ ಒಂದೀಟ ಅಲುಗಿದ್ನೇನೋ."

"ಇಲ್ರಿ ಕಾಕಾ, ಟೇಪ ಸುಮಾರ ಐತಿ. ಬ್ಯಾರೇ ತರ್ತೇನಿ."

ಅವರು ಅಂಗೈ ನೋಡಿದ್ದನ್ನು ನಾನು ನೋಡಿದೆ. ನೋಡಿಯೂ ಟೇಪಿನ ಬಗ್ಗೆಯೇ ಯೋಚಿಸಿದೆ. ಈಗ ಬರೆಯಲು ಕೂತಾಗ ನನಗೆ ನನ್ನ ಮೇಲೇ ಸಿಟ್ಟು ಬರುವುದು ಈ ಜಾಗದಲ್ಲಿ.

ದುರ್ಗದಬೈಲಿನ ಆಚೆ ಒಂದು ಓಣಿಯಲ್ಲಿ ಖಾದರ್ ಸಾಬರ ಹಾರ್ಡ್‌ವೇರ್ ಅಂಗಡಿ. ಮಳೆಯಲ್ಲಿ ಸ್ಕೂಟರ್ ನಿಲ್ಲಿಸಿ ಒಳಗೆ ಹೋದರೆ, ಅವರು ನನ್ನ ಕೈಯಲ್ಲಿದ್ದ ಟೇಪಿನ ಸುರುಳಿ ನೋಡಿಯೇ ನಕ್ಕರು. "ಇದರ ಮ್ಯಾಲೆ ಮಷೀನ ಓಡಿಸಿದ್ರೇನ್ರಿ ಅಣ್ಣಾರ? ಇದು ಲಗ್ನಪತ್ರಿಕಿ ಅಂಟಸೂದು." ಸ್ಪಂಜಿನಂತೆ ದಪ್ಪಗಿರುವ ಇನ್ನೊಂದನ್ನು ಕೊಟ್ಟರು. ಅದು ಹಿಡಿಯಿತೇನೋ ಸರಿ, ಆದರೆ ನಡುವೆ ಮೆತ್ತೆ ಇದ್ದಂತಾಗಿ ಫರ್ಮಾ ತೂಗಾಡುತ್ತಿತ್ತು. ಬಾಗು ನೂಲೆಳೆಯಷ್ಟು ಡೊಂಕು ಬಂತು. ಎರಡು ಕುರ್ಚಿ ಜೋಡಿಸಿ ಇಟ್ಟರೆ ಅಣ್ಣತಮ್ಮಂದಿರಂತೆ ಇದ್ದವು, ಅವಳಿಗಳಂತೆ ಅಲ್ಲ. ಮತ್ತೆ ಹೋದೆ. ಆ ಸಲ ಸಾಬರು ಬಟ್ಟೆಯ ಟೇಪು ತೆಗೆದರು. ಮದುವೆ ಮನೆಯ ಜಮಖಾನೆಯನ್ನು ನೆಲಕ್ಕೆ ಅಂಟಿಸುವಂಥದ್ದು.

"ಇದು ಹಿಡೀತೈತೇನ್ರಿ?"

"ಹಿಡಿಯೂದೇನ್ರಿ, ಬಿಡೂದ ಕಷ್ಟ. ಬರಾವ್ರೆಲ್ಲಾ ಅಂಟಸೂದ ಕೇಳ್ತಾರ, ಬಿಡಸೂದು ಹೆಂಗಂತ ಒಬ್ರೂ ಕೇಳಂಗಿಲ್ಲ. ಸಣ್ಣ ಸಣ್ಣ ಪಟ್ಟಿ ಹಚ್ಚರಿ. ತಗಿಯೂ ಮುಂದ ಎರಡ ಹನಿ ಥಿನ್ನರ್ ಬಿಡ್ರಿ, ಬಿದರಿನ ಸೀಳಿಲೆ ಸಾವಕಾಶ ಎಬ್ಬಸ್ರಿ."

ಅದು ಭಾನುವಾರ. ಕಾಕಾ ಭಾನುವಾರ ಬರುತ್ತಿರಲಿಲ್ಲ. ಶೆಡ್ ತೆರೆದು ನಾನೊಬ್ಬನೇ ಒಂದು ತುಂಡು ಮರಕ್ಕೆ ಅಂಟಿಸಿ ನೋಡಿದೆ. ಕಲ್ಲಿನಂತೆ ನಿಂತಿತು. ಸುತ್ತಿಗೆಯಿಂದ ತಟ್ಟಿದರೂ ಅಲುಗಲಿಲ್ಲ. ಗೆದ್ದೆ ಎಂದುಕೊಂಡು ಮನೆಗೆ ಹೋಗಿ ಹೊಟ್ಟೆ ತುಂಬ ರೊಟ್ಟಿ ತಿಂದು ಮಲಗಿದೆ. ಸೋಮವಾರ ಕಾಕಾ ಅದೇ ಟೇಪು, ಅದೇ ಫರ್ಮಾ ಹಚ್ಚಿ ಯಂತ್ರ ಶುರು ಮಾಡಿದರು. ಅರ್ಧ ಹಾದಿಗೆ ಫರ್ಮಾ ಎದ್ದು ಹಾರಿ ತಗಡಿನ ಗೋಡೆಗೆ ಬಡಿಯಿತು. ಯಾರಿಗೂ ತಾಗಲಿಲ್ಲ, ಪುಣ್ಯ. ಆದರೆ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ಸ್ವಲ್ಪ ಗಟ್ಟಿ ಒತ್ತಬೇಕಾಗಿತ್ತೇನ್ರಿ ಕಾಕಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಒತ್ತೇನಿ" ಎಂದರು ಅವರು. ಹಲಗೆಯನ್ನು ಪಕ್ಕಕ್ಕೆ ಇಟ್ಟು, "ಒತ್ತೇನಿ ಅಂತ ನನಗ ಅನಸತೈತಿ" ಎಂದರು.

ಕಿತ್ತುಬಂದ ಟೇಪಿನ ಮೇಲೆ ಬಿಳಿ ಪುಡಿ ಇತ್ತು. ಅದನ್ನು ನೋಡಿದೊಡನೆ ನನಗೆ ಕಳ್ಳ ಸಿಕ್ಕನೆಂದೆನಿಸಿತು. ಪಕ್ಕದಲ್ಲೇ ಗಿರಣಿ, ತಗಡಿನ ಸಂದಿಯಿಂದ ದಿನವಿಡೀ ಜೋಳದ ಹಿಟ್ಟು ಹಾರಿ ಬರುತ್ತದೆ. ನೇರ ಹೋಗಿ ಗಿರಣಿಯ ನೀಲವ್ವನ ಮೇಲೆ ಎಗರಾಡಿದೆ. ಆಕೆ ಹಿಟ್ಟು ಮೆತ್ತಿದ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, "ವಿರೂಪಾಕ್ಷಪ್ಪಾ, ಇಪ್ಪತ್ತ ವರ್ಷ ಆತು ಗಿರಣಿ ತಿರಗಾಕತ್ತು. ನನ್ನ ಹಿಟ್ಟು ಎಂದರ ನಿನ್ನ ಕುರ್ಚಿ ತಿಂದೈತೇನು?" ಎಂದು ಕೇಳಿದಳು. ಸರಿಯಾದ ಪ್ರಶ್ನೆಯೇ. ಆದರೂ ನಾನು ಬಂದು ಸಂದಿಗಳಿಗೆಲ್ಲ ಗೋಣಿಚೀಲ ತುರುಕಿದೆ. ಶೆಡ್ಡಿನೊಳಗೆ ಗಾಳಿಯಾಡದೆ ಉಸಿರು ಕಟ್ಟುವಂತಾಯಿತು. ಮಾರನೆಯ ದಿನವೂ ಫರ್ಮಾ ಜಾರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ ನಾನು.

ಇಲ್ಲಿ ಕಾಕಾನ ಒಂದು ರೂಢಿಯ ಬಗ್ಗೆ ಹೇಳಬೇಕು. ಶೆಡ್ಡಿನ ಗೂಡಿನಲ್ಲಿ ಒಂದು ವಿಭೂತಿ ಗಟ್ಟಿ ಇರುತ್ತಿತ್ತು. ಯಾವ ಹಲಗೆಗೇ ಆಗಲಿ, ಕಬ್ಬಿಣ ಮುಟ್ಟಿಸುವ ಮೊದಲು ಅವರು ಮೂರು ಬೆರಳು ಗಟ್ಟಿಗೆ ತಿಕ್ಕಿ ಮರದ ಮೇಲೆ ಎಳೆಯುತ್ತಿದ್ದರು. ನಾನು ಕಲಿಯಲು ಬಂದ ದಿನದಿಂದ ನೋಡಿದ್ದು. ಒಮ್ಮೆ ಯಾರೋ ಗಿರಾಕಿ ಇದೇಕೆಂದು ಕೇಳಿದ್ದಕ್ಕೆ, "ಒಂದೀಟ ವಿಭೂತಿ ಹಚ್ಚಿದ್ರ ನಮ್ಮ ಗಂಟೇನ ಹೋಗತೈತ್ರಿ?" ಎಂದಿದ್ದರು. ಉಸಿರಾಡುವುದನ್ನು ಹೇಗೆ ನೋಡುವುದಿಲ್ಲವೋ ಹಾಗೆ ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೆ. ಮೊಳೆ ಹೊಡೆಯುವ ಕಾಲದಲ್ಲಿ ಅದರಿಂದ ಏನೂ ತೊಂದರೆ ಇರಲಿಲ್ಲ. ಈಗಲೂ ಕಾಕಾ ಹಲಗೆಯ ಮೇಲೆ ಮೂರು ಬೆರಳು ಎಳೆದು, ಸರಿಯಾಗಿ ಅದರ ಮೇಲೇ ಫರ್ಮಾ ಕೂಡಿಸುತ್ತಿದ್ದರು. ಮೇಲೆ ಹಚ್ಚಿದರೆ ಯಂತ್ರದ ಗಾಳಿಗೆ ಹಾರಿಹೋಗುತ್ತದೆ, ಒಳಗಿದ್ದರೆ ಕೆಲಸ ಮುಗಿಯುವ ತನಕ ಇರುತ್ತದೆ ಎಂಬ ಲೆಕ್ಕ ಅವರದು.

ಶ್ರಾವಣದ ಒಂದು ಸೋಮವಾರ ಇನ್ನೊಂದು ಹಲಗೆ ಕೆಟ್ಟಿತು, ಅಲ್ಲಿಗೆ ಕೆಟ್ಟವು ಐದಾದವು. ಕಾಕಾ ಹೊರಗೆ ಕೈ ತೊಳೆಯಲು ಹೋಗಿದ್ದರು. ನಾನು ಫರ್ಮಾವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಟೇಪಿನ ಅಂಟಿನ ಮೇಲೆ ಮೂರು ಬಿಳಿ ಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು. ನಡುವೆ ಸಮವಾದ ಅಂತರ. ಹಿಟ್ಟು ಹಾಗೆ ಸಾಲುಗಟ್ಟಿ ಬಂದು ಕೂಡುವುದಿಲ್ಲ. ನನ್ನ ಮೂರು ಬೆರಳನ್ನು ಅದರ ಮೇಲೆ ಇಟ್ಟು ನೋಡಿದೆ. ಗೆರೆಗಳು ನನ್ನ ಬೆರಳಿಗಿಂತ ಅಗಲ ಇದ್ದವು. ಟೇಪು ಮರವನ್ನು ಹಿಡಿದಿರಲೇ ಇಲ್ಲ, ಬೂದಿಯನ್ನು ಹಿಡಿದಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಆಗಲೇ ಹೇಳಿಬಿಡಬಹುದಿತ್ತು. ಕಾಕಾ ಒಳಗೆ ಬಂದರು, ನಾನು ಫರ್ಮಾವನ್ನು ಕೆಳಗಿಟ್ಟೆ. ನಮ್ಮ ಕಡೆ ಹಿರಿಯರಿಗೆ ಊಟಕ್ಕೆ ಕೈ ತೊಳೆದು ಬನ್ನಿ ಎನ್ನುವುದಕ್ಕೇ ಹತ್ತು ಸಲ ಯೋಚಿಸುತ್ತೇವೆ. ಅಂಥದ್ದರಲ್ಲಿ ಶ್ರಾವಣ ಸೋಮವಾರದ ದಿನ, ಉಪವಾಸ ಇರುವ ಮನುಷ್ಯನಿಗೆ, ನನ್ನ ಕೈ ಹಿಡಿದು ವಿದ್ಯೆ ಕಲಿಸಿದವರಿಗೆ, ನಿಮ್ಮ ವಿಭೂತಿಯಿಂದ ಕೆಲಸ ಕೆಡುತ್ತಿದೆ ಎಂದು ಯಾವ ಬಾಯಿಂದ ಹೇಳುವುದು? ನನ್ನಿಂದಾಗಲಿಲ್ಲ. ಮೌನ ಬಂಗಾರ ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ಬೇಡವಾದ ಕೆಲಸದಿಂದ ತಪ್ಪಿಸಿಕೊಳ್ಳುವಾಗ ಇಂಥ ಗಾದೆಗಳು ತಾವಾಗಿಯೇ ನೆನಪಾಗುತ್ತವೆ.

ಬದಲಿಗೆ ಒಂದು ಉಪಾಯ ಹೂಡಿದೆ. "ಅಂಟಸೂದು ನಾ ಮಾಡ್ತೇನ್ರಿ ಕಾಕಾ, ನೀವ ಬರೇ ಮಷೀನ ಹಿಡೀರಿ" ಎಂದೆ. ಅವರು ವಿಭೂತಿ ಎಳೆದು ಚಹಾಕ್ಕೆ ತಿರುಗಿದರೆ, ನಾನು ಹಿಂದಿನಿಂದ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಟೇಪು ಹಚ್ಚಿ, ಫರ್ಮಾ ಕೂಡಿಸಿ, ಕ್ಲ್ಯಾಂಪ್ ಹಾಕಿ ಒಂದು ನಿಮಿಷ ಬಿಗಿದು ಬಿಡುತ್ತಿದ್ದೆ. ಒರೆಸುವಾಗ ಪ್ರತಿ ಸಲ ಮನಸ್ಸಿನಲ್ಲೇ ತಪ್ಪಾಯಿತು ಅನ್ನುತ್ತಿದ್ದೆ. ಶಿವನಿಗೆ ಅನ್ನುತ್ತಿದ್ದೆನೋ ಕಾಕಾನಿಗೋ ಗೊತ್ತಿಲ್ಲ. ಫರ್ಮಾ ಜಾರುವುದು ನಿಂತಿತು. ಹಲಗೆಗಳು ಒಂದರ ಹಿಂದೊಂದು ಚಂದವಾಗಿ ಬಂದವು. ಹತ್ತಾಯಿತು, ಹದಿನೈದಾಯಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆದರೆ ನಾನು ದಿನವಿಡೀ ಶೆಡ್ಡಿನಲ್ಲೇ ಇರುವಂತಿರಲಿಲ್ಲ. ಧಾರವಾಡದಲ್ಲಿ ಒಂದು ಬಾಗಿಲ ಕೆಲಸ ಇತ್ತು. ನಾನು ಹೋದ ದಿನ ಕಾಕಾ ತಾವೇ ಅಂಟಿಸಿ ಶುರು ಮಾಡಿದರು. ಸಂಜೆ ಬಂದಾಗ ಕೆಟ್ಟ ಹಲಗೆಯೊಂದು ಗೋಡೆಗೆ ಒರಗಿತ್ತು. ನಾವು ಹೆಚ್ಚಿಗೆ ತಂದಿದ್ದ ಆರು ಹಲಗೆಗಳಲ್ಲಿ ಅದು ಕೊನೆಯದು. ಇನ್ನೊಂದು ಕೆಟ್ಟರೆ ಒಂದು ಕುರ್ಚಿ ಕಡಿಮೆ ಬೀಳುತ್ತಿತ್ತು, ಅದೇ ಬಣ್ಣದ, ಅದೇ ಎಳೆಯ ಮರ ಮತ್ತೆ ಸಿಗುವಂತಿರಲಿಲ್ಲ.

"ನೀ ಇದ್ದಾಗ ಜಾರಂಗಿಲ್ಲ" ಎಂದರು ಕಾಕಾ, ನೆಲ ನೋಡುತ್ತ.

ಅಲ್ಲೇ ನಾನು ಎಚ್ಚರಗೊಳ್ಳಬೇಕಿತ್ತು. "ಟೇಪ ಹಸಿ ಆಗಿರಬೇಕ್ರಿ, ಮಳಿ ನೋಡ್ರಿ ಹೆಂಗ ಹಿಡದೈತಿ" ಎಂದುಬಿಟ್ಟೆ. ದಣಿದಿದ್ದೆ. ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದೆ, ಚಪ್ಪಲಿಯೊಳಗೆಲ್ಲ ಕೆಸರು. ಮನೆಗೆ ಹೋದರೆ ಸಾಕಾಗಿತ್ತು. ದಣಿವು ಎಂಬುದು ಎಂಥ ಸುಳ್ಳನ್ನೂ ಹಗುರ ಮಾಡಿಕೊಡುತ್ತದೆ.

ಮರುದಿನ ಕಾಕಾ ಬರಲಿಲ್ಲ. ಜ್ವರ ಎಂದು ಫೋನು. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಶೆಡ್ಡಿನಿಂದ ನಾಲ್ಕು ಓಣಿ ಆಚೆ. ಪಡಸಾಲೆಯಲ್ಲಿ ಗಂಗವ್ವ ಕಾಕಿ ಅವರೇಕಾಯಿ ಬಿಡಿಸುತ್ತ ಕೂತಿದ್ದರು. ಬಾಗಿಲ ಬಳಿ ಬಾಯಿ ಕಟ್ಟಿದ ಒಂದು ಗೋಣಿಚೀಲ ಇತ್ತು. ಅದರ ಬಟ್ಟೆಯೊಳಗಿಂದ ಉಳಿಯ ಹಿಡಿಗಳ ಉಬ್ಬು ಕಾಣುತ್ತಿತ್ತು.

"ಹ್ಯಾಂಗದಾರ್ರಿ ಕಾಕಿ, ಜ್ವರಾ ಇಳೀತೇನ್ರಿ?"

"ಜ್ವರಾನೂ ಇಲ್ಲ, ಏನೂ ಇಲ್ಲಪ್ಪಾ." ಕಾಕಿ ದನಿ ತಗ್ಗಿಸಿದರು. "ಕೈ ಹೋತು ಅಂತಾರ. ಫರ್ಮಾ ಇಟ್ರೂ ನನ್ನ ಕೈಯಾಗ ಗೆರಿ ನಿಂದ್ರಂಗಿಲ್ಲ, ಇನ್ನೇನ ಉಳೀತು ಅಂತಾರ. ಸಾಮಾನೆಲ್ಲಾ ಚೀಲದಾಗ ಕಟ್ಟಿ ಇಟ್ಟಾರ, ಅಳಿಯಗ ಕೊಡ್ತಾರಂತ." ಅವರೇಕಾಯಿಯ ಸಿಪ್ಪೆಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡರು. "ಅದು ಹೋಗಲಿ. ನಾಕ ದಿನಾ ಆತು, ಪೂಜಿಗೆ ಕುಂತ್ರ ಲಿಂಗಾ ಅಂಗೈಯಾಗ ಇಟ್ಕೊಳ್ಳವಲ್ರು. ಜಾರಿ ಬಿದ್ರ ಹೆಂಗ ಅಂತ ಅಂಜಿಕಿ. ತಾಟಿನ್ಯಾಗ ಇಟ್ಟು ಪೂಜಿ ಮಾಡ್ತಾರ. ಐವತ್ತ ವರ್ಷದಾಗ ಹಿಂಗ ನೋಡಿದ್ದಿಲ್ಲಪ್ಪಾ ನಾ."

ಆ ಮನುಷ್ಯನ ಭಕ್ತಿಗೆ ನೋವಾಗಬಾರದೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವರು ಲಿಂಗವನ್ನು ಅಂಗೈಯಲ್ಲಿ ಹಿಡಿಯಲು ಹೆದರುತ್ತಿದ್ದರು.

ಕಾಕಾ ಒಳಗೆ ಗೋಡೆಗೆ ಒರಗಿ ಕೂತಿದ್ದರು. ಎರಡೂ ಕೈ ತೊಡೆಯ ಮೇಲಿದ್ದವು, ತಮ್ಮವಲ್ಲ ಎಂಬಂತೆ. ನಾನು ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಮೂರು ಬೆರಳಿನ ಗುರುತು, ಥಿನ್ನರ್ ಬಟ್ಟೆ, ಅವರು ಚಹಾಕ್ಕೆ ತಿರುಗಿದಾಗ ನಾನು ಒರೆಸುತ್ತಿದ್ದದ್ದು, ನಾನು ಇದ್ದಾಗ ಯಾಕೆ ಜಾರುತ್ತಿರಲಿಲ್ಲ ಎಂಬುದು. ತೊದಲುತ್ತಿದ್ದೆ. ಹೊರಗೆ ಕಾಕಿಯ ಅವರೇಕಾಯಿ ಬಿಡಿಸುವ ಸದ್ದು ನಿಂತಿತ್ತು.

"ನಿಮ್ಮ ಕೈಯಿಂದ ಒಂದ ಹಲಗಿನೂ ಕೆಟ್ಟಿಲ್ರಿ ಕಾಕಾ. ಕೈ ಏನೂ ಮಾಡಿಲ್ಲ."

ಬೈಯುತ್ತಾರೆ ಎಂದುಕೊಂಡೆ. ಬೈದರೆ ಸಾಕು ಎಂದು ಕಾದೆ.

"ಎಂದ ಗೊತ್ತಾತು ನಿನಗ?"

"ಹದಿನೈದ ದಿನಾ ಆತ್ರಿ."

"ಹದಿನೈದ ದಿನಾ" ಎಂದರು. ತಮ್ಮ ಬಲಗೈಯನ್ನು ಎತ್ತಿ ನೋಡಿದರು. ಅದು ನಡುಗುತ್ತಿತ್ತು, ಎಂದಿನಷ್ಟೇ, ಹೆಚ್ಚೇನಿಲ್ಲ. "ಬೂದಿ ಒರಿಸಿದ್ರ ಬೂದಿ ಹೋಗತೈತಲ್ಲೋ ತಮ್ಮಾ. ಅದಕ್ಕೇನ ಶಿವಾ ಸಿಟ್ಟಾಗತಿದ್ನೇನು? ನನಗ ಒಂದ ಮಾತು ಹೇಳಿದ್ರ ನಾನ ಒರಸ್ತಿದ್ದೆ."

ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡಿಯೂ ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಕಾಕಿಗೆ ಚಹಾ ಇಡಲು ಹೇಳಿದರು. ಚಹಾ ಬಂತು, ಬಸಿ ಸದ್ದು ಮಾಡಿತು. ಆ ದಿನ ಅವರು ಕಪ್ಪನ್ನು ಎಡಗೈಗೆ ಬದಲಿಸಲಿಲ್ಲ.

ಮಾರನೆಯ ದಿನ ಹೆಗಲ ಮೇಲೆ ಚೀಲ ಹೊತ್ತುಕೊಂಡು ಬಂದರು. ಉಳಿದ ಹಲಗೆಗಳನ್ನೆಲ್ಲ ತಾವೇ ಮಾಡಿದರು. ಒಂದೂ ಕೆಡಲಿಲ್ಲ. ಬಿದಿರಿನ ಸೀಳಿನಿಂದ ಟೇಪು ಎಬ್ಬಿಸುವ ಕೆಲಸವನ್ನಂತೂ ಅವರು ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ನಾನು ಅವಸರ ಮಾಡಿ ಎರಡು ಕಡೆ ಮರದ ಎಳೆ ಕಿತ್ತುಬರುವಂತೆ ಮಾಡಿದ್ದೆ. ಅವರ ಕೈಯಲ್ಲಿ ಒಂದೆಳೆಯೂ ಏಳಲಿಲ್ಲ. ಲಿಂಗ ಮತ್ತೆ ಅಂಗೈಗೆ ಬಂತೆಂದು ಕಾಕಿ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ನೀಲವ್ವನ ಬಳಿಯೂ ಹೋಗಿ ತಪ್ಪೊಪ್ಪಿಕೊಂಡು, ಗೋಣಿಚೀಲ ಕಿತ್ತು ಹಾಕಿದೆ. ಶೆಡ್ಡಿಗೆ ಮತ್ತೆ ಗಾಳಿ ಬಂತು, ಹಿಟ್ಟೂ ಬಂತು. ಹೊರಗಿನಿಂದ ನೋಡಿದರೆ ಎಲ್ಲ ಸರಿಹೋಗಿತ್ತು.

ಆದರೆ ಕಾಕಾ ಮರಕ್ಕೆ ವಿಭೂತಿ ಹಚ್ಚುವುದನ್ನು ಬಿಟ್ಟಿದ್ದರು. ಹಿಂದಿನಂತೆ ಮಾತಾಡುತ್ತಿದ್ದರು, ನಗುತ್ತಿದ್ದರು, ನನ್ನ ಜೋಡಣೆಯಲ್ಲಿ ಹುಳುಕು ತೆಗೆಯುತ್ತಿದ್ದರು. ಫರ್ಮಾ ಕೂಡಿಸಿದ ಮೇಲೆ ಮಾತ್ರ ಪ್ರತಿ ಸಲ ನನ್ನನ್ನು ಕರೆಯುತ್ತಿದ್ದರು. "ವಿರೂಪಾಕ್ಷಿ, ಹಿಡದೈತೇನ ನೋಡು." ನಾನು ಹೋಗಿ ಕೈಯಿಂದ ಅಲುಗಿಸಿ, ಹಿಡಿದಿದೆ ಎಂದ ಮೇಲೆಯೇ ಯಂತ್ರ ಶುರು. ಮೊದಮೊದಲು ನನ್ನನ್ನು ಚುಚ್ಚಲು ಹೀಗೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಅಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಹೀಗೇ ಇಪ್ಪತ್ತು ಸಲವಾದರೂ ನಾನು ಎದ್ದು ಹೋಗಿರಬೇಕು, ಒಂದೊಂದು ಸಲಕ್ಕೂ ನನಗೆ ಆ ನಾಲ್ಕು ಹೆಜ್ಜೆ ಭಾರವಾಗುತ್ತಿದ್ದವು.

ಮಹಾನವಮಿಗೆ ಎರಡು ದಿನ ಮೊದಲು ನಲವತ್ತು ಕುರ್ಚಿಗಳು ಅಮರಗೋಳಕ್ಕೆ ಹೋದವು. ಮಾಲೀಕರು ಹೆಬ್ಬೆರಳು ಆಡಿಸಿ ನೋಡಿದರು, ಏನೂ ಸಿಗಲಿಲ್ಲ. ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಶೆಡ್ ತೊಳೆದೆವು. ಮಳೆ ಅಂತೂ ಹಿಂದೆ ಸರಿದಿತ್ತು. ಓಣಿಯಲ್ಲಿ ಎಲ್ಲ ಕಡೆ ಅದೇ ಗದ್ದಲ. ರಿಕ್ಷಾಗಳಿಗೆ ಬಾಳೆಗಿಡ, ಗಿರಣಿಗೆ ಚೆಂಡು ಹೂವಿನ ಸರ, ಸೈಕಲ್ ರಿಪೇರಿಯವನು ಪಂಪಿಗೂ ಕುಂಕುಮ ಇಟ್ಟಿದ್ದ. ನಾವು ಗರಗಸ, ಉಳಿ, ರಂದಾ, ರೂಟರ್ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ನಾನು ಊದಿನಕಡ್ಡಿ ಹಚ್ಚುತ್ತಿದ್ದೆ. ಕಾಕಾ ಗೂಡಿನಿಂದ ವಿಭೂತಿ ಗಟ್ಟಿ ತೆಗೆದು, ಮೂರು ಬೆರಳು ತಿಕ್ಕಿ, ರೂಟರಿನ ಹತ್ತಿರ ಕೈ ಒಯ್ದು ಹಾಗೇ ನಿಲ್ಲಿಸಿದರು.

"ಇದಕ್ಕ ಹಚ್ಚಬಹುದೇನೋ?"

ಅವರ ದನಿಯಲ್ಲಿ ವ್ಯಂಗ್ಯ ಒಂದಿಷ್ಟೂ ಇರಲಿಲ್ಲ. ಊರಿಗೆ ಊರೇ ಯಾರನ್ನೂ ಕೇಳದೆ ಹಚ್ಚುತ್ತಿದ್ದ ದಿನ ಅದು.

"ಇದನ್ನೂ ನನ್ನ ಕೇಳಬೇಕೇನ್ರಿ ಕಾಕಾ? ಹಚ್ಚರಿ" ಎಂದೆ.

"ಕೇಳೂದ ಛಲೋ ತಮ್ಮಾ" ಎಂದರು ಅವರು, ರೂಟರಿನ ತಲೆಯ ಮೇಲೆ ಸಾವಕಾಶವಾಗಿ ಬೆರಳು ಎಳೆಯುತ್ತ. "ನೀನ ಆಗಿ ಹೇಳಾಂವಲ್ಲ."